ನೂರ ಒಂದು ದೀಪಗಳ ಸಂಖ್ಯಾಮಾಲೆ

ಪಟ್ಟಾಭಿಷೇಕದ ವಾರ್ಷಿಕೋತ್ಸವದಂದು ಪೊನ್ನವಾಡಿಯ ರಾಜಬೀದಿಗಳು ಮಾವಿನ ತೋರಣಗಳಿಂದಲೂ ಪಟ್ಟದಾನೆಯ ಘಂಟಾನಾದದಿಂದಲೂ ತುಂಬಿಹೋಗಿದ್ದವು. ಆಸ್ಥಾನಮಂಟಪದಲ್ಲಿ ಪದ್ಧತಿಯಂತೆ ನೂರ ಒಂದು ದೀಪಗಳು ಉರಿಯುತ್ತಿದ್ದವು. ಪ್ರಧಾನ ಗಣಕ ಬಮ್ಮರಸನ ಹೊಟ್ಟೆಯೂ ಉರಿಯುತ್ತಿತ್ತು.

ಪ್ರತಿವರ್ಷ ಆ ದಿನ ಅರಸನಿಗೊಂದು ಸಂಖ್ಯಾಮಾಲೆ ಅರ್ಪಿತವಾಗಬೇಕು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಮಹಾಸಂಖ್ಯೆಯದು. ಯಾವ ಸಂಖ್ಯೆಗಳನ್ನು ಗುಣಿಸಿ ಅದನ್ನು ಕಟ್ಟಲಾಯಿತೆಂಬುದನ್ನು, ಅಂದರೆ ಮಾಲೆಯ ಎಳೆಗಳನ್ನು, ತುಂಬಿದ ಸಭೆಯಲ್ಲೇ ಬಿಚ್ಚಿ ಹೇಳಬೇಕು. ಬಹುಕಾಲ ಬಮ್ಮರಸನದಾಗಿದ್ದ ಆ ಗೌರವವನ್ನು ಅರಸನು ಈ ಸಲ ಅವನ ಶಿಷ್ಯ ರೇಚಣನಿಗೆ ಕೊಟ್ಟಿದ್ದನು. ತಾನೇ ಕೈಹಿಡಿದು ಅಂಕೆ ತಿದ್ದಿಸಿದವನು!

ರೇಚಣನು ಮೊದಲೇ ಒಪ್ಪಿಸಿದ ಸಂಖ್ಯೆ ೧೦೩೦೩೦೧. ಎಳೆಗಳನ್ನು ತಾನೇ ಮೊದಲು ಹೇಳಿ ಶಿಷ್ಯನ ಮುಖಭಂಗ ಮಾಡಬೇಕೆಂದು ಬಮ್ಮರಸನು ಧೂಳುಹಲಗೆಯ ಮೇಲೆ ಎರಡರಿಂದ, ಮೂರರಿಂದ, ಐದರಿಂದ, ಏಳರಿಂದ, ಹೀಗೆ ಬೇರಾವುದರಿಂದಲೂ ಒಡೆಯದ ಸಂಖ್ಯೆಗಳಿಂದ ಮಾತ್ರ ತೊಂಬತ್ತೇಳರವರೆಗೂ ಭಾಗಿಸಿದನು. ಶೇಷ ಉಳಿಯುತ್ತಲೇ ಹೋಯಿತು. ತಾನು ಒಡೆಯಲಾರದ್ದಕ್ಕೆ ಎಳೆಗಳೇ ಇರಲಾರವೆಂದು ತೀರ್ಮಾನಿಸಿ ಹಲಗೆಯನ್ನು ಒರೆಸಿಬಿಟ್ಟನು.

"ಮಹಾಪ್ರಭುಗಳೇ, ಇದು ಒಡೆಯದ ಸಂಖ್ಯೆ," ಎಂದು ಸಭೆಯಲ್ಲಿ ನುಡಿದನು. "ಕವಲೊಡೆಯದ ಸಂಖ್ಯೆಯನ್ನು ಸಂತಾನವಿಲ್ಲದ ಪ್ರಭುಗಳಿಗೆ ಅರ್ಪಿಸುವುದು ವಂಶಕ್ಕೆ ಹಾಕುವ ಶಾಪ. ಇದು ರಾಜದ್ರೋಹ."

ರಾಜದ್ರೋಹಕ್ಕೆ ಗಡೀಪಾರು; ಆರೋಪ ಸುಳ್ಳಾದರೆ ಅದೇ ಶಿಕ್ಷೆ ಆರೋಪಿಸಿದವನಿಗೆ.

"ರೇಚಣ, ಎಳೆಗಳಿದ್ದರೆ ಹೇಳು," ಎಂದನು ಅರಸ.

ರೇಚಣನು ದೀಪಗಳ ಕಡೆಗೊಮ್ಮೆ, ಗುರುವಿನ ನರೆತ ತಲೆಯ ಕಡೆಗೊಮ್ಮೆ ನೋಡಿ ಕೈಮುಗಿದನು. "ಗುರುಗಳು ಪರೀಕ್ಷಿಸಿದ್ದಾರೆ, ಪ್ರಭು. ಶಿಕ್ಷೆಯನ್ನು ಶಿರಸಾವಹಿಸುತ್ತೇನೆ."

ಬಮ್ಮರಸನು ಹಿಗ್ಗಬೇಕಾಗಿತ್ತು. ಆದರೆ ಇವನು ದೀಪಗಳನ್ನೇಕೆ ನೋಡಿದ? ಮನಸ್ಸು ಅಭ್ಯಾಸಬಲದಿಂದ ಲೆಕ್ಕಕ್ಕಿಳಿಯಿತು. ನೂರ ಒಂದನ್ನು ನೂರ ಒಂದರಿಂದ ಗುಣಿಸಿದರೆ ೧೦೨೦೧. ಮತ್ತೊಮ್ಮೆ ನೂರ ಒಂದರಿಂದ ಗುಣಿಸಿದರೆ ೧೦೩೦೩೦೧. ಒಂದೊಂದು ದೀಪದಿಂದ ನೂರ ಒಂದು ದೀಪ, ಅವುಗಳಲ್ಲಿ ಒಂದೊಂದರಿಂದ ಮತ್ತೆ ನೂರ ಒಂದು. ವಂಶ ಹೀಗೆ ಬೆಳೆಯಲೆಂಬ ಹರಕೆ. ಹಲಗೆಯನ್ನು ಒರೆಸುವ ಮುನ್ನ ಇನ್ನೊಂದೇ ಭಾಗಾಕಾರ ಮಾಡಿದ್ದರೆ ಸಾಕಾಗಿತ್ತು.

ಇದು ಸಭೆಯಲ್ಲಿ ಬೇರಾರಿಗೂ ತಿಳಿಯದು. ಸುಮ್ಮನಿದ್ದರೆ ಗೆಲುವು ತನ್ನದೇ. ಆದರೆ ತನ್ನನ್ನು ಉಳಿಸಲೆಂದು ತಲೆತಗ್ಗಿಸಿ ನಿಂತ ಶಿಷ್ಯನನ್ನು ಕಂಡು ಬಮ್ಮರಸನಿಗೆ ಹಿಂದೆಂದೂ ಆಗದಷ್ಟು ಮತ್ಸರವಾಯಿತು. ಗಣಿತದಲ್ಲಿ ಮೀರಿಸಿದ್ದು ಸಾಲದೆಂದು ಈಗ ದೊಡ್ಡತನದಲ್ಲೂ ಮೀರಿಸಹೊರಟಿದ್ದಾನಲ್ಲ! ಅದೊಂದನ್ನು ಅವನಿಗೆ ಬಿಟ್ಟುಕೊಡಲು ಮುದುಕನ ಮನಸ್ಸು ಒಪ್ಪಲಿಲ್ಲ.

"ಪ್ರಭು, ಎಳೆಗಳು ಮೂರು. ಮೂರೂ ನೂರ ಒಂದು. ತಪ್ಪಿದವನು ನಾನು," ಎಂದು ಪ್ರಧಾನ ಗಣಕನ ಉಂಗುರವನ್ನು ಕಳಚಿ ರೇಚಣನ ಅಂಗೈಯಲ್ಲಿಟ್ಟನು.

ನಿಯಮವನ್ನು ಮೀರಲು ಅರಸನಿಗೂ ಅಧಿಕಾರವಿರಲಿಲ್ಲ. ಕೋಟೆಯ ಬಾಗಿಲವರೆಗೂ ರೇಚಣನು ಕಣ್ಣೀರಿಡುತ್ತ ಹಿಂಬಾಲಿಸಿದನು. "ನಾನೂ ಬರುತ್ತೇನೆ, ಗುರುಗಳೇ."

"ಬೇಡಪ್ಪ," ಎಂದನು ಬಮ್ಮರಸ, ಅವನ ತಲೆಯ ಮೇಲೆ ಕೈಯಿಟ್ಟು. "ನೀನು ಕಣ್ಣೆದುರಿಗಿದ್ದರೆ ನನ್ನ ಹೊಟ್ಟೆಯುರಿ ಎಂದಿಗೂ ಆರುವುದಿಲ್ಲ."