ಸರಿದುಹೋದ ಎರಡು ಉಬ್ಬುಗೆರೆಗಳು

ಅಂಧರ ತರಬೇತಿ ಕೇಂದ್ರದಲ್ಲಿ ಊಟದ ನಂತರದ ಪಾಠ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಸುನಿಮ್ ಗೋಡೆ ಸವರಿಕೊಂಡು ಮೂರನೇ ಮಹಡಿಗೆ ಬಂದವಳು ಓಕ್‌ಬುನ್ ಅಜ್ಜಿಯ ಬಾಗಿಲಲ್ಲೇ ಕುಸಿದು ಕೂತಳು. ಅಜ್ಜಿಗೆ ಬಾರ್ಲಿ ಚಹಾ ಬಗ್ಗಿಸುತ್ತಿದ್ದ, ಕೇಂದ್ರದ ಕಣ್ಣಿರುವ ಸಹಾಯಕಿ ಬೊಂಗ್‌ಜು ಓಡಿಹೋಗಿ ಅವಳನ್ನು ಎಬ್ಬಿಸಿದಳು. ಎಬ್ಬಿಸುವಾಗ, ಬೆಳಿಗ್ಗೆಯಷ್ಟೇ ಮುರಿದಿದ್ದ ತನ್ನ ಉಗುರು ಸುನಿಮಳ ಉಣ್ಣೆ ಅಂಗಿಗೆ ಸಿಕ್ಕಿ ಚುರುಕ್ ಎಂದಿತು.

"ಅಜ್ಜಿ, ನಾಳೆ ಪರೀಕ್ಷೆಗೆ ನಾನು ಹೋಗಲ್ಲ. ನನ್ನ ಕೈ ಸತ್ತುಹೋಗಿದೆ."

ಮೊಕ್ಪೊ ಬಂದರಿನ ಬದಿಯಲ್ಲಿ ಇಪ್ಪತ್ತು ವರ್ಷ ಬುತ್ತಿ ಅಂಗಡಿ ನಡೆಸಿದ ಹೆಂಗಸು ಸುನಿಮ್. ಅವಳು ಬಟ್ಟೆಯಲ್ಲಿ ಕಟ್ಟಿಕೊಟ್ಟ ಬುತ್ತಿಯ ಗಂಟು ತುದಿ ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು. ದೋಣಿಯ ಮೇಲೆ ಒಂದೇ ಕೈಯಲ್ಲಿ ಬಿಚ್ಚಬಹುದೆಂದು ಮೀನುಗಾರರು ಹೊಗಳುತ್ತಿದ್ದರು. ಎರಡು ವರ್ಷದ ಹಿಂದೆ ಕಣ್ಣು ಹೋಯಿತು, ಅಂಗಡಿಯೂ ಹೋಯಿತು. ಈಗ ನಗರದ ಸಹಾಯವಾಣಿಯಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಫೋನಿನಲ್ಲಿ ಕೇಳಿದ್ದನ್ನು ತಪ್ಪಿಲ್ಲದೆ ಟೈಪ್ ಮಾಡಿ ತೋರಿಸಬೇಕು. ನಲವತ್ತೇಳರ ಅವಳಿಗೆ ಇನ್ನೊಂದು ಅವಕಾಶ ಸಿಗುವ ಹಾಗಿರಲಿಲ್ಲ.

ಅವಳಿಗೆ ಟೈಪಿಂಗ್ ಹತ್ತಿದ್ದೇ ಒಂದು ಆಟದಿಂದ. ಕೇಂದ್ರದ ಓ ಎಂಬ ಮೇಷ್ಟ್ರು ಎಂಟು ತಿಂಗಳು ಅದನ್ನು ಹುಡುಕಿದ್ದರು. ಸಿಕ್ಕಿದ್ದರಲ್ಲೆಲ್ಲ ಅಕ್ಷರಗಳು ಆಕಾಶದಿಂದ ಉದುರುತ್ತಿದ್ದವು. ಉದುರುವುದನ್ನು ನೋಡಲು ಇಲ್ಲಿ ಯಾರಿಗೆ ಕಣ್ಣಿದೆ? ಕೊನೆಗೆ ಯಾರೋ ಒಬ್ಬ ಕಣ್ಣಿಲ್ಲದ ಪ್ರೋಗ್ರಾಮರ್ ತನ್ನ ತಂಗಿಗಾಗಿ ಬರೆದ ಆಟ ಸಿಕ್ಕಿತು. ಅದು ಅಕ್ಷರವನ್ನು ಕೂಗಿ ಹೇಳುತ್ತಿತ್ತು. ಸರಿಯಾದ ಕೀಲಿ ಒತ್ತಿದರೆ ಆಕ್ಟೋಪಸ್ ಬಕೆಟ್ಟಿಗೆ ಬಿದ್ದ ಸದ್ದು, ತಪ್ಪಿದರೆ ನೀರಿಗೆ ಜಾರಿದ ಸದ್ದು. ಸುನಿಮ್ ನೂರಕ್ಕೆ ತೊಂಬತ್ತು ಹಿಡಿಯುತ್ತಿದ್ದಳು.

"ಇವತ್ತು ಎಷ್ಟು ಸಿಕ್ತು?" ಅಜ್ಜಿ ಕೇಳಿದಳು.

"ಒಂದೂ ಇಲ್ಲ. ಜೊತೆಗೆ ಕಲಿಯೋ ಗಿಹೋ ಮೇಜಲ್ಲಿ ಅದೇ ಆಟ ಸರಿಯಾಗೇ ನಡೀತಿದೆ. ಕೆಟ್ಟಿರೋದು ನಾನೇ."

ಓಕ್‌ಬುನ್ ಅಜ್ಜಿ ಕೋಲು ತಗೊಂಡಳು. ಹುಟ್ಟುಗುರುಡಿ, ನಲವತ್ತು ವರ್ಷ ಜನರ ಮೈ ನೀವುವ ಕೆಲಸ ಮಾಡಿ ಬದುಕಿದವಳು, ಈಗ ಕೇಂದ್ರದಲ್ಲೇ ವಾಸ. ಹೋದ ಚಳಿಗಾಲ ಕಿಮ್ಚಿ ಉಪ್ಪಿನಕಾಯಿಯ ಜಾಡಿ ಖಾಲಿ ಮಾಡುತ್ತಿದ್ದವನನ್ನು ಹೆಜ್ಜೆ ಸಪ್ಪಳದಿಂದಲೇ ಹಿಡಿದಿದ್ದಳು. ಅಂದಿನಿಂದ ಏನೇ ಕಳೆದರೂ ಕೇಂದ್ರದವರೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದರು.

ಕೆಳಗೆ ಕಂಪ್ಯೂಟರ್ ಕೋಣೆಯಲ್ಲಿ ಅಜ್ಜಿ ಸುನಿಮಳ ಕೀಲಿಮಣೆಯ ನಡುಸಾಲಿನ ಅಕ್ಷರಗಳ ಮೇಲೆ ಎಡ ಅಂಚಿನಿಂದ ಬೆರಳಾಡಿಸಿದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯದರ ಮೇಲಿರಬೇಕಾದ ಉಬ್ಬುಗೆರೆ ಐದನೆಯದರ ಮೇಲೆ ಬೆರಳಿಗೆ ಸಿಕ್ಕಿತು.

"ಬೊಂಗ್‌ಜು, ಇಲ್ಲಿ ಉಬ್ಬುಗೆರೆ ಇರೋದು ಯಾವ ಅಕ್ಷರದ ಮೇಲೆ, ಪಕ್ಕದವನ್ನೂ ನೋಡಿ ಹೇಳು."

ಬೊಂಗ್‌ಜು ಬಗ್ಗಿ ನೋಡಿದಳು. ತೋರುಬೆರಳುಗಳಿಗೆ ಮನೆ ತೋರಿಸುವ ಆ ಎರಡು ಉಬ್ಬಿದ ಕೀಲಿಗಳನ್ನೂ ಯಾರೋ ಕಿತ್ತು, ಬಲಕ್ಕಿದ್ದ ಕೀಲಿಗಳೊಂದಿಗೆ ಅದಲುಬದಲು ಮಾಡಿ ಕೂರಿಸಿದ್ದರು. ಸುನಿಮಳ ಹತ್ತೂ ಬೆರಳು ಒಂದೊಂದು ಮನೆ ಆಚೆ ಬೀಳುತ್ತಿದ್ದವು. ಪ್ಲಾಸ್ಟಿಕ್ಕಿನ ಮೇಲೆ ಒಂದು ಗೀರೂ ಇರಲಿಲ್ಲ.

"ಕೈ ಸತ್ತಿಲ್ಲಮ್ಮ. ಕೈಗೆ ಯಾರೋ ದಾರಿ ತಪ್ಪಿಸಿದಾರೆ," ಎಂದಳು ಅಜ್ಜಿ.

ಸುನಿಮ್ ಗಿಹೋ ಇದ್ದ ಕಡೆ ತಿರುಗಿದಳು. ನಾಳೆ ಸಹಾಯವಾಣಿಯ ಅದೇ ಕೆಲಸಕ್ಕೆ ಪರೀಕ್ಷೆ ಬರೆಯುವ ಇನ್ನೊಬ್ಬ ಅವನೇ. ಊಟದ ಹೊತ್ತಿನಲ್ಲಿ ಕೋಣೆಯಲ್ಲಿ ಒಬ್ಬನೇ ಉಳಿದವನೂ ಅವನೇ.

"ಅಕ್ಕ ಅಂತ ಕರೀತಿದ್ದೆಯಲ್ಲೋ," ಎಂದಳು.

"ನಾನು ಮುಟ್ಟಿಲ್ಲ ಅಕ್ಕ." ಗಿಹೋ ತಡಬಡಿಸಿ ಎದ್ದ. ಮೇಜಿನ ಲೋಟ ಉರುಳಿ ಒಡೆಯಿತು.

"ಈ ವಾರದ್ದು ಎರಡನೇ ಲೋಟ," ಎಂದು ಬೊಂಗ್‌ಜು ಗೊಣಗಿದಳು. ಅವಳಿಗೂ ಅವನ ಮೇಲೇ ಅನುಮಾನ. ಕೀಲಿಮಣೆಯನ್ನು ಬೆಳಿಗ್ಗೆ ಮೇಜಿನ ಮೇಲಿಟ್ಟವಳು ಅವಳೇ. ಸುನಿಮ್ ಬೆಳಿಗ್ಗೆಯಿಡೀ ಫೋನಿನಲ್ಲಿ ಮಾತಾಡುವ ಅಭ್ಯಾಸದಲ್ಲಿದ್ದಳು, ಅದನ್ನು ಮುಟ್ಟಿರಲಿಲ್ಲ.

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ಕಣ್ಣೇ ಇಲ್ಲದೋರು ನಾವು, ಇನ್ನೊಂದು ಸಲ ಪರಾಂಬರಿಸೋಣ," ಎಂದಳು ಅಜ್ಜಿ. "ಸುನಿಮ್, ಇದು ನಿನ್ನೆ ಎಲ್ಲಿತ್ತು?"

"ನಮ್ಮನೇಲಿ. ದಿನಾ ತಗೊಂಡು ಹೋಗ್ತೀನಿ. ಮನೇಲಿ ಕಂಪ್ಯೂಟರ್ ಇಲ್ಲ. ನಮ್ಮ ಯಜಮಾನ್ರು ಅಕ್ಷರ ಕೂಗ್ತಾರೆ, ನಾನು ಒತ್ತುತೀನಿ, ಸರಿ ತಪ್ಪು ಇವರೇ ನೋಡಿ ಹೇಳ್ತಾರೆ. ನಿನ್ನೆ ಎಲ್ಲಾ ಸರಿ ಬಂತು. ಬಟ್ಟೇಲಿ ಕಟ್ಟಿಟ್ಟು ಮಲಗಿದೆ."

"ಬೊಂಗ್‌ಜು, ಬೆಳಿಗ್ಗೆ ಉಗುರು ಹೇಗೆ ಮುರೀತು?"

"ಆ ಬಟ್ಟೆ ಗಂಟು ಬಿಚ್ಚೋಕೆ ಹೋಗಿ ಅಜ್ಜಿ. ಕಗ್ಗಂಟು, ಕೊನೆಗೆ ಹಲ್ಲಲ್ಲಿ ಕಚ್ಚಿ..." ಅವಳು ಮುರಿದ ಉಗುರನ್ನು ನೋಡಿಕೊಂಡಳು.

"ಐದು ಗಂಟೆ ಆಗಲಿ. ಯಾರೂ ಹೊರಗೆ ಹೋಗಬೇಡಿ," ಎಂದಷ್ಟೇ ಹೇಳಿ ಅಜ್ಜಿ ಕೂತಳು. ಐದರವರೆಗೂ ಬೊಂಗ್‌ಜುಗೆ ಮುಳ್ಳಿನ ಮೇಲೆ ಕೂತಂತಿತ್ತು.

ಐದಕ್ಕೆ ಸರಿಯಾಗಿ ಸುನಿಮಳ ಗಂಡ ಪಾನ್‌ಸೊಕ್ ಬಂದ. ಸಂತೆ ಬೀದಿಯಲ್ಲಿ ಕೈಗಡಿಯಾರ ರಿಪೇರಿ ಮಾಡುವವನು. ಹೆಂಡತಿಯನ್ನು ದಿನವೂ ಕೈಹಿಡಿದು ತಂದುಬಿಟ್ಟು ಕರೆದೊಯ್ಯುತ್ತಿದ್ದ. ಅಜ್ಜಿ ಅವನನ್ನೂ ಕೂರಿಸಿದಳು.

"ಕೇಳಿ. ಇದನ್ನ ಮಾಡಿದೋರು ಕಣ್ಣಿರೋರು. ಹಳೆ ಕುರುಡರು ಉಬ್ಬುಗೆರೆ ಒಂದನ್ನೇ ನಂಬಲ್ಲ, ಅಂಚಿನಿಂದ ಎಣಿಸ್ತೀವಿ. ನಾನು ಎಣಿಸಿದ ಹಾಗೆ, ಚಿಕ್ಕಂದಿನಿಂದ ಕಣ್ಣಿಲ್ಲದ ಗಿಹೋನೂ ಎಣಿಸ್ತಾನೆ. ಇದು ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತೆ ಅಂತ ಅವನಿಗೆ ಗೊತ್ತು. ಉಬ್ಬುಗೆರೇನೇ ನಮಗೆ ಸರ್ವಸ್ವ ಅಂದ್ಕೊಳ್ಳೋರು ನೋಡೋ ಜನ. ಎರಡನೇದು, ನಾಲ್ಕು ಕೀಲಿ ಕಿತ್ತರೂ ಒಂದು ಗೀರಿಲ್ಲ. ವಾರಕ್ಕೆರಡು ಲೋಟ ಒಡೆಯೋ ಕೈಗೆ ಆ ನಾಜೂಕು ಬರಲ್ಲ. ಮೂರನೇದು ಗಂಟು. ಸುನಿಮ್ ಕಟ್ಟಿದ್ದು ತುದಿ ಎಳೆದರೆ ಬಿಚ್ಚಬೇಕು. ಬೆಳಿಗ್ಗೆ ಬಂದದ್ದು ಕಗ್ಗಂಟು. ಅಂದ್ರೆ ಅವಳು ಮಲಗಿದ ಮೇಲೆ ಮನೇಲೇ ಯಾರೋ ಬಿಚ್ಚಿ ಮತ್ತೆ ಕಟ್ಟಿದಾರೆ. ಆ ಮನೇಲಿ ಇರೋದು ಇಬ್ಬರೇ."

"ಬೇಲಿಯೇ ಎದ್ದು ಹೊಲ ಮೇಯ್ತಾ," ಎಂದ ಗಿಹೋ ಮೆಲ್ಲಗೆ.

ಪಾನ್‌ಸೊಕ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟ. "ಹೋದ ತಿಂಗಳು ಒಂದು ದಿನ ನಾನು ಹತ್ತು ನಿಮಿಷ ತಡವಾಗಿ ಬಂದೆ. ಇವಳು ನಡುರಸ್ತೇಲಿ ನಿಂತಿದ್ಲು. ಬಸ್ಸು ಇಷ್ಟು ಹತ್ತಿರ. ಕೆಲಸ ಸಿಕ್ಕಿದರೆ ದಿನಾ ಒಬ್ಬಳೇ ಹೋಗ್ತೀನಿ ಅಂತಾಳೆ. ಇವಳು ಫೇಲಾಗಿ ಮನೇಲಿದ್ದರೆ ಸಾಕು ಅನ್ನಿಸ್ತು."

ಸುನಿಮ್ ಗಂಡನ ದನಿ ಬಂದ ಕಡೆ ತಿರುಗಿದಳು.

"ನೀವು ಆಟವನ್ನು ಅಳಿಸಿಹಾಕಿದ್ದಿದ್ರೆ ತಡ್ಕೋತಿದ್ದೆ," ಎಂದಳು. "ನನ್ನ ಕೈ ಮೇಲೇ ನನಗೆ ನಂಬಿಕೆ ಹೋಗೋ ಹಾಗೆ ಮಾಡಿದ್ರಿ. ಕಣ್ಣು ಹೋದ ದಿನವೂ ಇಷ್ಟು ಹೆದರಿರಲಿಲ್ಲ."

ಪಾನ್‌ಸೊಕ್ ಮುಖ ಮುಚ್ಚಿಕೊಂಡ. ಆಮೇಲೆ ಜೇಬಿನಿಂದ ತನ್ನ ಸಣ್ಣ ಚಿಮ್ಮಟ ತೆಗೆದು ನಾಲ್ಕೂ ಕೀಲಿಗಳನ್ನು ಅವುಗಳ ಜಾಗಕ್ಕೆ ಕೂರಿಸಿದ.

ಸುನಿಮ್ ಮೊದಲು ಎಡ ಅಂಚು ಮುಟ್ಟಿದಳು. ನಾಲ್ಕರವರೆಗೆ ಎಣಿಸಿದಳು. ಆಟ ಶುರುವಾಯಿತು. ಆಕ್ಟೋಪಸ್‌ಗಳು ಒಂದಾದ ಮೇಲೊಂದು ಬಕೆಟ್ಟಿಗೆ ಬಿದ್ದವು. ನೂರಕ್ಕೆ ತೊಂಬತ್ನಾಲ್ಕು.

"ಗಿಹೋ, ನಿನ್ನ ಮೇಲೆ ಸುಮ್ಮಸುಮ್ಮನೆ ಗೂಬೆ ಕೂರಿಸಿದೆ. ತಪ್ಪಾಯ್ತು ಕಣೋ."

"ನಾಳೆ ಎಂಬತ್ತೇ ತಗೊಂಡು ನನ್ನ ಗೆಲ್ಲಿಸಿ ಅಕ್ಕ, ಅಲ್ಲಿಗೆ ಲೆಕ್ಕ ಚುಕ್ತಾ."

ಸುನಿಮ್ ನಕ್ಕಳು. ಕೀಲಿಮಣೆಯನ್ನು ಬಟ್ಟೆಯಲ್ಲಿ ಸುತ್ತಿ, ತುದಿ ಎಳೆದರೆ ಬಿಚ್ಚುವ ತನ್ನ ಗಂಟು ಹಾಕಿ ಗಂಡನ ಕೈಗೆ ಕೊಟ್ಟಳು.

"ಬೆಳಿಗ್ಗೆ ಆರಕ್ಕೆ ಎಬ್ಬಿಸಿ," ಎಂದಳು. "ಬಸ್ ಸ್ಟಾಪಿನ ತನಕ ಬನ್ನಿ. ಬಸ್ ಹತ್ತಬೇಡಿ."