ಬೆಲ್ಲಿಗೆ ಹೋದ ನಾಲ್ಕು ತಂತಿ

ನಮ್ಮಪ್ಪನ ವೈರಿಂಗ್‌ನಲ್ಲಿ ತಪ್ಪು ಹುಡುಕುವ ಧೈರ್ಯ ಇಡೀ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಅಂಥವರ ಮನೆಗೆ ಇಂಟರ್ನೆಟ್ ಕಂಪನಿಯ ಹುಡುಗಿ ಮೂರನೇ ಸಲ ಬಂದಿದ್ದಳು.

ಪ್ಲಾನ್ ಐನೂರು ಎಂಬಿಪಿಎಸ್ ಸ್ಪೀಡಿನದು, ಬರುತ್ತಿದ್ದದ್ದು ತೊಂಬತ್ತನಾಲ್ಕು. ಮನೆಯಲ್ಲೇ ಕೂತು ವಿಡಿಯೋ ಎಡಿಟ್ ಮಾಡುವ ನನಗೆ ಅದು ಸಾಲದು. ಮೊದಲ ಸಲ ರೂಟರ್ ಬದಲಿಸಿದಳು, ಎರಡನೇ ಸಲ ಹೊರಗಿನ ಲೈನ್ ನೋಡಿದಳು. ಎರಡು ಸಲವೂ ನಾನು ಕಾಫಿ ಕೊಟ್ಟು ಅವಳನ್ನೇ ನೋಡಿದೆ. ಯೋಚಿಸುವಾಗ ಟೆಸ್ಟರನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾಳೆ, ಆಮೇಲೆ ಅದನ್ನೇ ಬ್ಯಾಗಿನಲ್ಲೆಲ್ಲ ತಡಕಾಡುತ್ತಾಳೆ.

"ಇವತ್ತೂ ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಬೇರೆಯವರನ್ನ ಕಳಿಸ್ತಾರೆ," ಎಂದಳು.

ಸರಿಹೋದರೂ ಅವಳು ಬರುವುದಿಲ್ಲ, ಹೋಗದಿದ್ದರೂ ಬರುವುದಿಲ್ಲ. ಅವಳಿಗೆ ಕೆಟ್ಟ ಹೆಸರಾದರೂ ಬರದಿರಲಿ ಎಂದು ಎದ್ದು ಪುಸ್ತಕದ ಬೀರು ಸರಿಸಿದೆ. ಹಿಂದೆ ಗೋಡೆಯಲ್ಲಿ, ಇಂಟರ್ನೆಟ್ ಕೇಬಲ್ಲಿಗೆ ಅಪ್ಪ ಹಾಕಿದ್ದ ಜಂಕ್ಷನ್ ಬಾಕ್ಸ್ ಇತ್ತು.

"ಇದಿರೋದು ನಿಮಗೆ ಗೊತ್ತಿತ್ತಾ?"

"ಮೊದಲ ದಿನದಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅರ್ಧ ಅಪ್ಪಂಗೆ ಹೆದರಿ. ಇನ್ನರ್ಧ... ಹೇಳಿದ್ರೆ ನೀವು ಮತ್ತೆ ಬರ್ತಿದ್ರಾ?"

ಅವಳ ಸ್ಕ್ರೂಡ್ರೈವರ್ ಗಾಳಿಯಲ್ಲೇ ನಿಂತಿತು. ಮುಖ ಕೆಂಪಾಯಿತು, ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ.

ಮುಚ್ಚಳ ತೆಗೆದಳು. ಕೇಬಲ್ಲಿನ ಎಂಟು ತಂತಿಗಳಲ್ಲಿ ನಾಲ್ಕೇ ಇಂಟರ್ನೆಟ್ಟಿಗೆ. ಉಳಿದ ನಾಲ್ಕನ್ನು ಅಪ್ಪ ಬಾಗಿಲಿನ ಬೆಲ್ಲಿಗೆ ಎಳೆದಿದ್ದರು.

"ಎಂಟೂ ಬೇಕು ಅಂಕಲ್. ನಾಲ್ಕರಲ್ಲಿ ಸ್ಪೀಡು ನೂರು ದಾಟಲ್ಲ," ಎಂದಳು, ಅಷ್ಟರಲ್ಲಿ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಅಪ್ಪನಿಗೆ.

ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ನಾನು ಹಾಕ್ದಾಗ ನಾಲ್ಕೇ ಸಾಕಾಗಿತ್ತಮ್ಮ," ಎಂದು ಗೊಣಗಿ, ತಾವೇ ಟಾರ್ಚ್ ಹಿಡಿದರು.

ಬೆಲ್ಲಿನ ನಾಲ್ಕನ್ನೂ ಅವಳು ಇಂಟರ್ನೆಟ್ಟಿಗೆ ಜೋಡಿಸಿದ ಕೂಡಲೇ ಸ್ಪೀಡು ನಾನೂರ ಎಂಬತ್ತಕ್ಕೆ ಹಾರಿತು. ಬೆಲ್ ಕೆಲಸ ನಿಲ್ಲಿಸಿತು. "ಇನ್ನು ಕಂಪ್ಲೇಂಟ್ ಬರಲ್ಲ ಬಿಡಿ," ಎಂದು ನನ್ನ ಮುಖವನ್ನೂ ನೋಡದೆ ಅವಳು ಹೊರಟುಹೋದಳು.

ಆ ವಾರವೆಲ್ಲ ನನ್ನ ಫೈಲುಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋದವು. ನನಗೆ ಮಾತ್ರ ಹೊತ್ತೇ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಅವಳೇ! ಯೂನಿಫಾರ್ಮ್ ಇಲ್ಲ, ತಿಳಿಹಸಿರು ಅಂಗಿ, ಕೈಯಲ್ಲಿ ಬೆಲ್ ವೈರಿನ ಸುರುಳಿ. ಟೆಸ್ಟರ್ ಮಾತ್ರ ಕಿವಿಯ ಹಿಂದೆಯೇ ಇತ್ತು.

"ನಾವು ಕಂಪ್ಲೇಂಟ್ ಕೊಟ್ಟಿಲ್ವಲ್ಲ?" ನಾನು ತೊದಲಿದೆ.

"ಆರು ದಿನ ಕಾದೆ. ಒಂದಾದ್ರೂ ಕೊಡಬಾರ್ದಿತ್ತಾ?"

ಒಳಗಿನಿಂದ ಅಪ್ಪ ಕೂಗಿದರು: "ಯಾರೋ ಅದು?"

"ಬೆಲ್ ಸರಿ ಮಾಡೋಕೆ ಬಂದಿದಾರೆ, ಅಪ್ಪಾ!"

"ಬೆಲ್ಲಿಗೋಸ್ಕರ ಯಾರಾದ್ರೂ ಭಾನುವಾರ ಹಾಳ್ಮಾಡ್ಕೋತಾರಾ, ಪೆದ್ದ?" ಎಂದು ಪಿಸುಗುಟ್ಟಿ, ವೈರಿನ ಒಂದು ತುದಿ ನನ್ನ ಕೈಗೆ ಕೊಟ್ಟು ಅವಳು ಒಳಗೆ ನಡೆದಳು.