ಮೂಗು ಮರಳಿ ಬಂದ ಮಧ್ಯಾಹ್ನ

ಫ್ರಾನ್ಸಿನ ಆ ದ್ರಾಕ್ಷಿ ಬ್ರಾಂದಿ ನಲವತ್ತು ವರ್ಷ ಓಕ್ ಮರದ ಪೀಪಾಯಿಯಲ್ಲಿ ಮಾಗಿ ಬಂದದ್ದು. ಹೋಟೆಲಿನ ಬಾರ್‌ಮನ್ ಅದನ್ನು ಯಾರಿಗೆಂದರೆ ಅವರಿಗೆ ಸುರಿಯುವವನಲ್ಲ. ಆ ಮಧ್ಯಾಹ್ನ ಮದ್ಯದ ಕಂಪನಿಯಿಂದ ರುಚಿ ನೋಡುವಾಕೆ ಬಂದಿದ್ದಳೆಂದು, ಗ್ಲಾಸನ್ನು ಉಜ್ಜಿ ಉಜ್ಜಿ ಹೊಳೆಯಿಸಿ ಸುರಿದುಕೊಟ್ಟ.

ಅವಳು ಮೂಸಿದಳು. ಒಂದು ಗುಟುಕು ಕುಡಿದಳು. ಗ್ಲಾಸನ್ನು ಪಕ್ಕಕ್ಕೆ ಸರಿಸಿದಳು.

"ಇಂಥದ್ದಕ್ಕೂ ಮೂಗು ಮುರೀತೀರಲ್ಲ ಮೇಡಂ."

"ಮುರಿಯೋಕೆ ಮೊದಲು ಮೂಗು ಇರಬೇಕಲ್ಲ." ಅವಳು ನಗಲು ನೋಡಿದಳು, ಆಗಲಿಲ್ಲ. "ಜ್ವರ ಬಂದಿತ್ತು. ಹೋಗ್ತಾ ವಾಸನೆನೂ ಎತ್ಕೊಂಡು ಹೋಯ್ತು. ಇದು ನನಗೆ ಬರೀ ಉರಿ, ಅಷ್ಟೇ."

ಕೆಲವು ವಾರ ಬಿಟ್ಟು ಕಂಪನಿ ಅವಳ ಮೂಗಿಗೆ ಮತ್ತೊಮ್ಮೆ ಪರೀಕ್ಷೆ ಇಟ್ಟಿತ್ತು. ಸೋತರೆ ಈ ಕೆಲಸ ಕೈತಪ್ಪುತ್ತದೆ. "ಆಫೀಸಲ್ಲಿ ಕೂತು ಫೈಲು ನೋಡ್ಕೋ," ಎಂದು ಹೇಳಿ ಹೇಳಿ ಅವಳ ಅಕ್ಕನಿಗೆ ಸಾಕಾಗಿತ್ತು. ಇವಳದು ಒಂದೇ ಹಟ: ಮೂಗಿಗೆ ಅ ಆ ಇ ಈ ಇಂದ ಕಲಿಸುತ್ತೇನೆ.

"ಬಾರ್ ತೆರೆಯೋದು ಸಂಜೆ. ಮಧ್ಯಾಹ್ನ ಬನ್ನಿ, ಸೇರಿ ಕಲಿಸೋಣ," ಅಂದ ಅವನು, ಸ್ವಲ್ಪ ನಾಚಿ.

ಬಂದಳು. ದಿನವೂ ಬಂದಳು. ಕಣ್ಣು ಮುಚ್ಚಿ ಕೂತವಳ ಮುಂದೆ ಅವನು ಲವಂಗ, ಕಿತ್ತಳೆ ಸಿಪ್ಪೆ ಹಿಡಿಯುತ್ತಿದ್ದ. ಕೊನೆಗೆ ಒಂದಿಷ್ಟು ಬ್ರಾಂದಿ.

"ಏನಿದು?"

"ಗಾಳಿ."

"ಇದು?"

"ಅದರ ತಮ್ಮ."

ಅದುರುವ ಆ ರೆಪ್ಪೆಗಳನ್ನು ಅವನು ಕದ್ದು ನೋಡುತ್ತಿದ್ದ.

"ನನ್ನನ್ನೇ ನೋಡ್ತಿದೀರಾ?"

"ಲವಂಗ ಹುಡುಕ್ತಿದೀನಿ."

"ಅದು ನನ್ನ ಮುಖದ ಮೇಲಿಲ್ಲ."

ವಾರಗಳು ಹೀಗೇ ಕಳೆದವು. ಒಮ್ಮೆ ಅವನು ಹಿಡಿದ ಕಾಫಿ ಪುಡಿ ಮೂಗಿಗೆ ಸುಟ್ಟ ರಬ್ಬರಿನಂತೆ ನಾರಿ, ಅವಳು ವಾಂತಿ ಮಾಡಲು ಓಡಿದಳು. ಮುಖ ತೊಳೆದು ಬಂದು, "ಕೆಟ್ಟದ್ದಾದ್ರೂ ಬಂತಲ್ಲ. ಮುಂದಿಂದು ಕೊಡಿ," ಅಂದಳು. ಅವನು ಅವಳಿಗೆ ಪೂರ್ತಿ ಸೋತದ್ದು ಆಗಲೇ.

ಆಮೇಲೊಂದು ಮಧ್ಯಾಹ್ನ, ಬ್ರಾಂದಿಯ ಗ್ಲಾಸನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು ಏನೋ ಹರಟುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

"ಒಣದ್ರಾಕ್ಷಿ," ಅಂದಳು. ಮತ್ತೆ ಮೂಸಿದಳು. "ಅದರ ಹಿಂದೆ ಮರ. ಹಳೇ ಪೆಟ್ಟಿಗೆ ಮುಚ್ಚಳ ತೆಗೆದ ಹಾಗೆ. ಇರಿ, ಮಾತಾಡ್ಬೇಡಿ... ಜೇನು."

ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ ನುಂಗಿದಳು. ಉರಿ ಗಂಟಲಿಳಿದ ಮೇಲೂ ಕಂಪು ಬಾಯಲ್ಲೇ ಉಳಿಯಿತು. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಅವನು ಗಾಬರಿಯಲ್ಲಿ ಗ್ಲಾಸು ಒರೆಸುವ ಬಟ್ಟೆಯನ್ನೇ ಚಾಚಿದ.

ಪರೀಕ್ಷೆಯಲ್ಲಿ ಗೆದ್ದಳು. ಅಕ್ಕನಿಗೆ ಫೋನ್ ಕೂಡ ಮಾಡದೆ ನೇರ ಬಾರಿಗೆ ಬಂದು ಹೇಳಿದಳು.

"ಹಾಗಾದ್ರೆ ಇನ್ನು ಇಲ್ಲಿ ನಿಮಗೇನು ಕೆಲಸ," ಅಂದ ಅವನು, ಬೆನ್ನು ತಿರುಗಿಸಿ ಬಾಟಲಿ ಜೋಡಿಸುತ್ತ.

"ಇದೆ. ಈ ಕಡೆ ತಿರುಗಿ."

ತಿರುಗಿದ.

"ನಂಗೆ ನೀವು ಬೇಕು."

ಅವನ ಕೈಯ ಬಾಟಲಿ ಕೌಂಟರಿಗೆ ತಾಗಿ ಸದ್ದಾಯಿತು. ಅದನ್ನು ನೆಟ್ಟಗೆ ನಿಲ್ಲಿಸುತ್ತ ಕೇಳಿದ: "ನಾಳೆ ಎಷ್ಟು ಹೊತ್ತಿಗೆ ಬರ್ತೀರಿ?"

"ಬರ್ತೀರಿ ಅಲ್ಲ."

ಅವನ ಕಿವಿ ಕೆಂಪಾಯಿತು. "ನಾಳೆ... ಬೇಗ ಬರ್ತೀಯಾ?"

"ಬರ್ತೀನಿ ಕಣೋ," ಅಂದಳು ಅವಳು. "ಈಗ ನೀನು ಕೌಂಟರ್ ದಾಟಿ ಈ ಕಡೆ ಬಾ."

ಅವನು ದಾಟಿ ಬಂದ.